ಗಿರಣಿಯ ನಂಬರು

ಮೊಮ್ಮಗಳು ಯಾಸ್ಮಿನಳಿಗೆ, ಹೊಳೆ ದಂಡೆಯ ಗಿರಣಿಯಿಂದ ನಿನ್ನ ಮುತ್ಯಾನ ಸಲಾಮು.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಕೊಡಿಸಿದ ಪಾಪ ನಿನ್ನ ತಲೆಯ ಮೇಲೆ. ಅಕ್ಷರ ಡೊಂಕಾಗಿದ್ದರೆ ಸುಮ್ಮನೆ ಓದು, ನಗಬೇಡ. ನಕ್ಕರೂ ಅಡ್ಡಿಯಿಲ್ಲ. ನೀನು ನಕ್ಕೆ ಎಂದು ನಿನ್ನ ಅವ್ವ ಶಬಾನಾ ನನಗೆ ಫೋನ್ ಮಾಡಿ ಹೇಳಲಿ. ಇಲ್ಲಿಯವರೆಗೆ ಅವಳು ಹೇಳುತ್ತಿರುವುದು ಒಂದೇ ಮಾತು: "ತಲಿ ಬಗ್ಗಿಸಿ ಉಣ್ತಾಳ್ರಿ ಮಾಮಾ, ಮತ್ತ ಹೋಗಿ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾಳ. ಕಂಪ್ಯೂಟರ ಮುಟ್ಟೇ ಇಲ್ಲ."

ಗಿರಣಿ ನಿಲ್ಲಿಸಿ ಕೂತಿದ್ದೇನೆ. ಕಟ್ಟೆಯ ಮೇಲೆ ಜೋಳದ ಡಬ್ಬಿಗಳು ಸಾಲು ಹಿಡಿದಿವೆ. ಹೆಂಗಸರು ಬಂದು ನೋಡಿ, ಕರೆಂಟಿದ್ದರೂ ಗಿರಣಿ ಯಾಕೆ ಸುಮ್ಮನಿದೆ ಎಂದು ಬೈದುಕೊಂಡು ಹೋಗುತ್ತಿದ್ದಾರೆ. ಮುದುಕನಿಗೆ ಈಗ ಗಿರಣಿಯ ಸಪ್ಪಳಕ್ಕೂ ಹೆದರಿಕೆ ಎಂದು ಒಬ್ಬಳು ಆಡಿಕೊಂಡಳು. ಅರ್ಧ ಖರೆ. ಸಪ್ಪಳಕ್ಕೆ ನಾನು ಹೆದರುವವನಲ್ಲ, ಜೀವಮಾನವೆಲ್ಲ ಅದರೊಳಗೇ ಕೂಗಾಡಿದವನು. ಆ ಸಪ್ಪಳದಲ್ಲಿ ಏನು ಕೇಳಿಸದೆ ಹೋಗುತ್ತದೋ ಅದಕ್ಕೆ ಹೆದರುತ್ತೇನೆ. ಗಿರಣಿ ತಿರುಗುವಾಗ ಅಂಗಿಯ ಕಿಸೆಯ ಫೋನೂ ಕೇಳಿಸುವುದಿಲ್ಲ, ಹಿತ್ತಲ ಹಿಂದಿನ ಹೊಳೆಯೂ ಕೇಳಿಸುವುದಿಲ್ಲ. ಸ್ವಲ್ಪ ಹೊತ್ತು ತಿರುಗಿಸುತ್ತೇನೆ. ನಿಲ್ಲಿಸಿ ಕಿವಿಗೊಡುತ್ತೇನೆ. ಫೋನು ತೆಗೆದು, ಹಿಟ್ಟು ಒರೆಸಿ ನೋಡುತ್ತೇನೆ. ಏನೂ ಇರುವುದಿಲ್ಲ. ಏನೂ ಇಲ್ಲದಿರುವುದೇ ಈಗ ನನಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ.

ಸುತ್ತು ಬಳಸಿ ಬರೆಯಲು ನನಗೆ ಬರುವುದಿಲ್ಲ, ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರುವ ಸೋಮವಾರದಿಂದ ಸುಗ್ರಾ ಮತ್ತೆ ಗಡ್ಡೆಗೆ ಹೋಗುತ್ತಾಳಂತೆ. ಹೌದು, ಅದೇ ಸುಗ್ರಾ, ನನ್ನ ಬೆನ್ನಿಗೆ ಬಿದ್ದ ತಂಗಿ, ನಿನ್ನನ್ನು ಎತ್ತಿ ಆಡಿಸಿದ ಆಯಿ. ಅದೇ ಗಡ್ಡೆ, ಹೊಳೆಯ ನಡುವೆ ಕೂತಿರುವ ಆ ಹಾಳು ಮಣ್ಣಿನ ಗುಡ್ಡೆ. ಬೇಡವೆಂದು ಎಷ್ಟು ಬೈದರೂ ಕೇಳುತ್ತಿಲ್ಲ. ಕುರಿ ಕಾಯುವ ಅಮೋಘಸಿದ್ಧ ಅವಳಿಗೆ ಎರಡು ಮರಿ ಕೊಟ್ಟಿದ್ದಾನೆ, ಆವತ್ತು ನೀರಿನಿಂದ ಉಳಿದ ಒಂದು ಹೋತವೂ ಇದೆ. ಮೇಯಿಸುವುದು ಎಲ್ಲಿ? ಊರ ಸುತ್ತ ಕಬ್ಬು. ಬದುವಿನ ಹುಲ್ಲಿಗೂ ಕಳೆ ಸಾಯುವ ಎಣ್ಣೆ ಹೊಡೆದು ಸುಟ್ಟಿದ್ದಾರೆ. ಆಡು ಒಂದು ಸೋಗೆಗೆ ಬಾಯಿ ಹಾಕಿದರೆ ಸಾಕು, ಬಡಿಗೆ ಹಿಡಿದು ಬರುತ್ತಾರೆ. ಯಾರ ಹೆಸರಿನಲ್ಲೂ ಇಲ್ಲದ ಹುಲ್ಲು ಉಳಿದಿರುವುದು ಆ ಗಡ್ಡೆಯ ಮೇಲೆ ಮಾತ್ರ.

ಮಳೆಗಾಲ ಇನ್ನೂ ಮುಗಿದಿಲ್ಲ. ಮೇಲೆ ಮಹಾರಾಷ್ಟ್ರದ ಕಡೆ ಹೊಯ್ಯುತ್ತಲೇ ಇದೆಯಂತೆ. ಫೋನಿಗೆ ಹೊಳೆಯ ಸುದ್ದಿ ಕೊಡುತ್ತಿದ್ದ ನಿನ್ನ ಪುಟ ಮುಚ್ಚಿದೆ. ಸೋಮವಾರ ಅವಳು ಆ ಕಡೆ, ನಾನು ಈ ಕಡೆ, ನಡುವೆ ಭೀಮಾ. ಇಷ್ಟೇ ವಿಷಯ. ಇನ್ನು ಮೇಲಿನದು ನಿನ್ನ ತಲೆಗೆ ಹೋಗಲೆಂದು ಬರೆಯುತ್ತಿದ್ದೇನೆ.

ನೀನು ಆ ಪುಟ ಮಾಡಿದ್ದು ನೆನಪಿದೆಯಾ? ಇಂಡಿಯಲ್ಲಿ ಡಿಪ್ಲೊಮಾ ಮುಗಿಸಿ, ಸಿಂದಗಿಯ ಗೊಬ್ಬರದಂಗಡಿಯ ಮೇಲಿನ ಆ ಸಣ್ಣ ಆಫೀಸು ಸೇರಿದ ಹೊಸತು. ರಜೆಗೆ ಬಂದು ಗಿರಣಿಯ ಚೀಲಗಳ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೆ. ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, ಹೊಳೆಯ ಸುದ್ದಿ ಕೊಡುವ ಪುಟ ಎಂದೆ. ಮೇಲೆ ಯಾವ ಅಣೆಕಟ್ಟಿನ ಗೇಟು ಎತ್ತಿದರೂ ಎಷ್ಟು ನೀರು ಬಿಟ್ಟೆವೆಂದು ನೆಟ್ಟಿನಲ್ಲಿ ಹಾಕುತ್ತಾರಂತೆ. ನಿನ್ನ ಪುಟ ಅದನ್ನು ನೋಡಿ, ಆ ನೀರು ಯಾವ ಹೊತ್ತಿಗೆ ಎಲ್ಲಿ ಮುಟ್ಟುತ್ತದೆಂದು ಲೆಕ್ಕ ಹಾಕಿ, ಆ ಜಾಗದವರ ಫೋನಿಗೆ ಸುದ್ದಿ ಕಳಿಸುತ್ತದಂತೆ. ನಮ್ಮೂರಿಗೆ ಮೂರು ಜಾಗ ಬರೆದಿದ್ದೆ: ಗಡ್ಡೆ, ದಂಡೆ, ದಿಬ್ಬ. ಸಣ್ಣ ನೀರಿಗೆ ಗಡ್ಡೆಯವರಿಗಷ್ಟೇ ಸುದ್ದಿ, ದೊಡ್ಡ ನೀರಿಗೆ ದಿಬ್ಬದವರಿಗೂ. ಎಲ್ಲರಿಗೂ ಎಲ್ಲ ಕಳಿಸು ಎಂದೆ ನಾನು. "ಹಂಗ ಮಾಡಿದ್ರ ನಾಕ ದಿನಕ್ಕ ಯಾರೂ ಓದಂಗಿಲ್ಲ ಮುತ್ಯಾ" ಎಂದೆ ನೀನು. ಅದೂ ಖರೆಯೇ. ಡಂಗುರದವನು ಸಣ್ಣ ನೀರಿಗೆ ಬಾರದಿರುವುದೂ ಅದಕ್ಕೇ.

ಇದನ್ನೆಲ್ಲ ನೀನು ಬುಡದಿಂದ ಕಟ್ಟಿದೆಯೋ ಎಂದು ಕೇಳಿದ್ದೆ. ಇಲ್ಲ, ಹಂದರ ಮೊದಲೇ ಸಿದ್ಧ ಇರುತ್ತದೆ, ದ್ರಾಕ್ಷಿಯ ಹಂದರದ ಹಾಗೆ, ನಾವು ಬಳ್ಳಿ ಹಬ್ಬಿಸುವುದಷ್ಟೇ ಎಂದೆ. ಜನ ಫಾರ್ಮು ತುಂಬಿ ಗುಂಡಿ ಒತ್ತಿದ ಮೇಲೆ ಅವರು ಬರೆದದ್ದು ನೆಟ್ಟಗೆ ಒಳಗೆ ಹೋಗುವುದಿಲ್ಲ, ಬಾಗಿಲಲ್ಲಿ ನಿಲ್ಲುತ್ತದೆ ಎಂದೆ. ಹೆಸರು ಖಾಲಿ ಇದೆಯೋ, ಫೋನಿನ ಅಂಕಿ ಹತ್ತು ಇವೆಯೋ, ಊರು ನಮ್ಮ ಊರುಗಳಲ್ಲಿ ಒಂದೋ ಎಂದು ತಪಾಸಣೆಯಾಗುತ್ತದೆ. ಯಾವನೋ ಹೆಸರಿನ ಜಾಗದಲ್ಲಿ ಹೊಲಸು ಬೈಗಳು ಬರೆದು ಕಳಿಸಿದ್ದನ್ನು ತೋರಿಸಿ ನಕ್ಕಿದ್ದೆ. "ಹೊರಗಿಂದ ಬಂದದ್ದು ಏನೂ ನಂಬಬಾರ್ದು ಮುತ್ಯಾ, ಇದ ನಮ್ಮ ಮೊದಲನೇ ಪಾಠ" ಎಂದಿದ್ದೆ. ಆಗ ನಿನ್ನ ಮುಖದಲ್ಲಿ ಹೆದರಿಕೆ ಇರಲಿಲ್ಲ. ನನ್ನ ಮುಖದಲ್ಲೂ ಇರಲಿಲ್ಲ. ಇಬ್ಬರೂ ಹುಚ್ಚರು.

ಮೊದಲು ಪರೀಕ್ಷೆಗೆ ನನ್ನ ಕೈಗೇ ಕೊಟ್ಟೆ. ನಾನು ನನ್ನ ಹೆಸರು, ನಂಬರು ತುಂಬಿ ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ನಮ್ಮೂರ ನೆಟ್‌ವರ್ಕು ನಿನಗೆ ಗೊತ್ತಲ್ಲ, ಬೇವಿನ ಗಿಡದ ಕೆಳಗೆ ಬರುತ್ತದೆ, ಬಾಗಿಲೊಳಗೆ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಸಿಟ್ಟು ಬಂತು, ಮತ್ತೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ, ಹೆಬ್ಬೆರಳು ಬಿಳಿಚುವ ತನಕ ಒತ್ತಿದೆ. ಸಂಜೆ ನೀನು ಪರೀಕ್ಷೆಯ ಸುದ್ದಿ ಬಿಟ್ಟಾಗ ಒಂದೇ ಸುದ್ದಿ ಮತ್ತೆ ಮತ್ತೆ ಬಂದು ನನ್ನ ಕಿಸೆಯಲ್ಲಿ ಜೇನುಹುಳ ಹೊಕ್ಕ ಹಾಗೆ ಗುಂಯ್‌ಗುಟ್ಟಿತು. ಈ ನಿನ್ನ ಮುತ್ಯಾ ಶಹಾಬುದ್ದೀನ ಒಬ್ಬನೇ ಒಂದು ಓಣಿಯಷ್ಟು ಜನ ಆಗಿಬಿಟ್ಟಿದ್ದ. ಆವತ್ತು ನೀನು ಹೊಟ್ಟೆ ಹಿಡಿದುಕೊಂಡು ನಕ್ಕು, ಒಂದು ಬೇಲಿ ಹಾಕಿದೆ. ಒಂದು ನಂಬರಿಗೆ ಒಂದೇ ಸಾಲು. ಅದೇ ನಂಬರಿನಿಂದ ಮತ್ತೊಮ್ಮೆ ಫಾರ್ಮು ಬಂದರೆ ಹೊಸ ಸಾಲು ಬೇಡ, ಹಳೆಯದರ ಮೇಲೆಯೇ ಬರೆದುಕೊಳ್ಳಲಿ ಎಂದು. ಅದು ತಪ್ಪಲ್ಲ. ನನ್ನಂಥ ಸಿಟ್ಟಿನ ಹೆಬ್ಬೆರಳಿಗೆ ಹಾಕಬೇಕಾದ ಬೇಲಿಯೇ ಅದು. ಪರೀಕ್ಷೆಯ ಸಾಲು ಅಳಿಸಿ, ಖರೆ ಪುಟದಲ್ಲಿ ಸುಗ್ರಾಳ ಹೆಸರು ನೀನೇ ಮೊದಲು ಬರೆದೆ: ಸುಗ್ರಾ, ಗಡ್ಡೆ, ಗಿರಣಿಯ ನಂಬರು. ಅವಳಿಗೆ ಫೋನೆಲ್ಲಿದೆ? ಸುದ್ದಿ ನನಗೆ ಬರಬೇಕು, ನಾನು ದಂಡೆಗೆ ಹೋಗಿ ಖಾಲಿ ಎಣ್ಣೆ ಡಬ್ಬಿ ಬಡಿಯಬೇಕು, ಅವಳು ಆಡು ಹೊಡೆದುಕೊಂಡು ಬರಬೇಕು. ಹಾಗೆ ಮಾತಾಗಿತ್ತು.

ಮೊದಲ ಸಲ ಅದು ಸರಿಯಾಗಿಯೇ ಆಯಿತಲ್ಲ. ಕಾರಹುಣ್ಣಿಮೆ ಕಳೆದ ಮೇಲಿನ ಮೊದಲ ನೀರು. ಮುಂಜಾನೆ ಸುದ್ದಿ ಬಂತು: "ಸುಗ್ರಾ ಅವರೇ, ಮಧ್ಯಾಹ್ನ ಗಡ್ಡೆಗೆ ನೀರು ಬರಲಿದೆ." ಡಬ್ಬಿ ಬಡಿದೆ. ಬಂದಳು. ಆಕಾಶ ಕನ್ನಡಿಯ ಹಾಗಿತ್ತು, ಒಂದು ಹನಿ ಮಳೆಯಿಲ್ಲ. ದಂಡೆಯ ಮೇಲೆ ನಿಂತವರು ನನ್ನನ್ನು ನೋಡಿ ನಕ್ಕರು. ಊಟದ ಹೊತ್ತಿಗೆ ಕೆಂಪು ನೀರು ಬಂತು. ನಕ್ಕವರೇ ನನ್ನ ಫೋನು ಇಸಿದುಕೊಂಡು ಆ ಸುದ್ದಿ ಓದಿದರು.

ಹಾಳಾದದ್ದು ಅಲ್ಲೇ, ಆ ನಂಬಿಕೆಯಲ್ಲೇ. ಮರುದಿನ ಇಡೀ ಊರು ಗಿರಣಿಗೆ ಬಂತು. ನಮಗೂ ಬರೆಯಿರಿ, ನಮಗೂ ಬರೆಯಿರಿ ಎಂದು. ನೀನು ಸಿಂದಗಿಯಲ್ಲಿದ್ದೆ. ಎದುರು ಮನೆಯ ಸೊಸೆ ಸೌಂದರ್ಯಾ ತನ್ನ ಫೋನು ಹಿಡಿದು, ಹಿಟ್ಟಿಗೆ ಬಂದವರದೆಲ್ಲ ಕೂತು ತುಂಬಿಕೊಟ್ಟಳು. ಪಾಪದ ಹುಡುಗಿ, ಪುಣ್ಯದ ಕೆಲಸ ಎಂದು ಮಾಡಿದಳು. ಫೋನ್ ಇಲ್ಲದ ಮುದುಕಿಯೊಬ್ಬಳ ಸರದಿ ಬಂದಾಗ ತಡೆದಳು. "ನಂಬರ ಇಲ್ದಿದ್ರ ಮುಂದ ಹೋಗೂದಿಲ್ರಿ ಮುತ್ಯಾ, ಕೆಂಪ ಅಕ್ಷರ ಬರ್ತಾವ."

ನಾನು ಗಿರಣಿಯ ಒಳಗಿನಿಂದಲೇ ಕೂಗಿದೆ: "ಗ್ವಾಡಿ ಮ್ಯಾಲಿಂದು ಹಾಕವಾ."

ಗೋಡೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆಸಿದ ಗಿರಣಿಯ ನಂಬರು ನೀನು ಹುಟ್ಟಿದಾಗಿನಿಂದ ನೋಡಿದ್ದೀ. ಈ ಊರಲ್ಲಿ ಅದು ನನ್ನದೊಬ್ಬನದೇ ಅಲ್ಲ. ಗ್ಯಾಸ್ ಸಿಲಿಂಡರಿನ ಸುದ್ದಿ, ದವಾಖಾನೆಯ ಸುದ್ದಿ, ಬೀಗರ ಸುದ್ದಿ, ಸತ್ತವರ ಸುದ್ದಿ, ಎಲ್ಲ ಬರುವುದು ಅದಕ್ಕೇ. ನಾನು ಹೊರಗೆ ಬಂದು ಕೂಗುತ್ತೇನೆ, ಓಣಿಯಿಂದ ಓಣಿಗೆ ಹೋಗುತ್ತದೆ. ಫೋನ್ ಇದ್ದವರೂ ಅದನ್ನೇ ಬರೆಸಿದರು. ದಿಬ್ಬದ ಮೇಲೆ ಹೊಲ ಇರುವ ರಾವಸಾಬ ಎರಡು ಫೋನು ಇಟ್ಟವನು. ಎಲ್ಲರಿಗಿಂತ ಕಡೆಗೆ ಬಂದ. "ನನ್ನ ನಂಬರ ಯಾಕ ಕೊಡ್ಲಿ, ಯಾರ್ಯಾರೋ ಫೋನ್ ಹಚ್ತಾರ. ಗಿರಣಿದ ಬರಿ, ಹೆಂಗೂ ಕಾಕಾ ಒದರ್ತಾನ" ಎಂದ. ಸೌಂದರ್ಯಾ ಬರೆದಳು. ಪ್ರತಿಯೊಬ್ಬರಿಗೂ ಹಸಿರು ಗುರುತು ಬಂತು: ನಿಮ್ಮ ಮಾಹಿತಿ ಸೇರಿದೆ, ಧನ್ಯವಾದ. ಎಲ್ಲರೂ ಅದನ್ನು ಕಣ್ಣಾರೆ ನೋಡಿ, ಡಬ್ಬಿ ತಲೆಯ ಮೇಲಿಟ್ಟುಕೊಂಡು ಮನೆಗೆ ಹೋದರು.

ನಂಬರು ಒಂದೇ ಆದ್ದರಿಂದ, ಒಬ್ಬರು ಸೇರಿದಾಗೊಮ್ಮೆ ಹಳೆಯ ಸಾಲಿನ ಮೇಲೆಯೇ ಬರೆದು ಮುಂಚಿನವರು ಅಳಿಸಿ ಹೋಗುತ್ತಿದ್ದರು ಎಂದು ಯಾರಿಗೆ ಗೊತ್ತಿತ್ತು? ಸುಗ್ರಾ ಮೊದಲು ಹೋದಳು. ಕಡೆಗೆ ಉಳಿದವನು ರಾವಸಾಬ ಒಬ್ಬ. ನಿನ್ನ ಪುಟದ ಪಾಲಿಗೆ ನಮ್ಮೂರ ಗಿರಣಿಯ ನಂಬರು ಎಂದರೆ ದಿಬ್ಬ. ಗಡ್ಡೆಯ ಮೇಲೆ ಯಾರೂ ಇಲ್ಲ.

ಗಡ್ಡೆ ಮುಳುಗಿದ ಆ ದಿನದ ಮಾತು ನಿನಗೆ ಅರ್ಧ ಮಾತ್ರ ಗೊತ್ತು. ಉಳಿದ ಅರ್ಧ ಕೇಳದೆ ನೀನು ಎದ್ದುಹೋದೆ. ಈಗ ಕೇಳು.

ಮೋಡ ಇತ್ತು, ಮಳೆ ಇರಲಿಲ್ಲ. ಸುಗ್ರಾ ಮುಂಜಾನೆ ರೊಟ್ಟಿ ಕಟ್ಟಿಕೊಂಡು, ಮೊಣಕಾಲುದ್ದ ನೀರಲ್ಲಿ ಆಡುಗಳನ್ನು ದಾಟಿಸಿಕೊಂಡು ಹೋಗಿದ್ದಳು. ಮುಂಚೆಯಾದರೆ ಅವಳು ನೀರಿನ ಬಣ್ಣ ನೋಡುತ್ತಿದ್ದಳು, ನೀರಲ್ಲಿ ಕಸ ತೇಲಿಬಂದರೆ ಎದ್ದುಬಿಡುತ್ತಿದ್ದಳು, ಹೊತ್ತು ನೆತ್ತಿಗೇರುವ ಮೊದಲೇ ಈ ಕಡೆ ಇರುತ್ತಿದ್ದಳು. ಈಗ ಡಬ್ಬಿ ಬಡಿಯುವ ಅಣ್ಣ ಇದ್ದಾನಲ್ಲ. ಗಡ್ಡೆಯ ಆಚೆ ತುದಿಯ ತನಕ ಹೋಗಿ, ಜಾಲಿಯ ನೆರಳಲ್ಲಿ ಮಲಗಿದ್ದಳು. ನಾನು ಗಿರಣಿಯಲ್ಲಿದ್ದೆ. ನಡುನಡುವೆ ಫೋನು ನೋಡುತ್ತಿದ್ದೆ. ಏನೂ ಇರಲಿಲ್ಲ. ಏನೂ ಇಲ್ಲವೆಂದರೆ ಏನೂ ಇಲ್ಲ ಎಂದುಕೊಂಡೆ. ಇದೇ ನೋಡು ನಾನು ಈಗ ನಿದ್ದೆಯಲ್ಲೂ ಹಲ್ಲು ಕಡಿಯುವ ಮಾತು. ನಮ್ಮ ಹಿರಿಯರು ಹೊಳೆ ಸುಮ್ಮನಿದ್ದರೆ ಹೆದರುತ್ತಿದ್ದರು. ನಾನು ಫೋನು ಸುಮ್ಮನಿದ್ದದ್ದಕ್ಕೆ ಧೈರ್ಯ ತಂದುಕೊಂಡು ಕೂತಿದ್ದೆ.

ಅಮೋಘಸಿದ್ಧನ ನಾಯಿ ದಂಡೆಯ ಮೇಲೆ ಒಂದೇ ಸಮ ಬೊಗಳುತ್ತಿತ್ತು. ಗಿರಣಿಯ ಕಲ್ಲು ನಿಂತ ಮೇಲೆ ನನಗೆ ಕೇಳಿಸಿತು. ಹೊರಗೆ ಬಂದು ನೋಡಿದರೆ ನಡುವಿನ ಹಾದಿ ಇಲ್ಲ. ಮುಂಜಾನೆ ಮೊಣಕಾಲು ತೋಯಿಸಿದ ನೀರು ಎರಡಾಳು ಆಗಿ, ಕೆಂಪಾಗಿ, ಒಂದು ಸಪ್ಪಳವನ್ನೂ ಮಾಡದೆ ಹೋಗುತ್ತಿತ್ತು. ಗಡ್ಡೆಯ ಮೇಲೆ ಹುಲ್ಲು ಕಾಣಲಿಲ್ಲ, ನೀರಿನ ಮೇಲೆ ಆಡುಗಳ ತಲೆಗಳು ಕಾಣುತ್ತಿದ್ದವು. ಒಂದು ತಲೆ ಕಾಣುತ್ತಿತ್ತು, ಮತ್ತೆ ಕಾಣುತ್ತಿರಲಿಲ್ಲ. ಸುಗ್ರಾ ಜಾಲಿಯ ಗಿಡ ಏರಿದ್ದಳು. ಅರವತ್ತು ದಾಟಿದ ಹೆಣ್ಣು, ಮುಳ್ಳಿನ ಗಿಡ ಹೇಗೆ ಏರಿದಳೋ ಅಲ್ಲಾಹನಿಗೇ ಗೊತ್ತು. ಸೆರಗಿನಿಂದ ತನ್ನನ್ನು ಟೊಂಗೆಗೆ ಕಟ್ಟಿಕೊಂಡಿದ್ದಳು.

ನನ್ನ ಕೈ ಏನು ಮಾಡಿತು ಗೊತ್ತೇ? ಡಬ್ಬಿಗೆ ಹೋಗಲಿಲ್ಲ, ಹಗ್ಗಕ್ಕೆ ಹೋಗಲಿಲ್ಲ. ಕಿಸೆಗೆ ಹೋಯಿತು. ಫೋನು ತೆಗೆದು ನೋಡುತ್ತ ನಿಂತೆ. ಸುದ್ದಿ ಬರಬೇಕಿತ್ತು, ಯಾಕೆ ಬಂದಿಲ್ಲ, ಈಗ ಬರುತ್ತದೋ ಎಂದು, ಸುದ್ದಿ ಬರದಿದ್ದರೆ ನೀರೂ ಬಂದಿಲ್ಲವೇನೋ ಎಂಬ ಹಾಗೆ. ಗಿಡದಿಂದ ಅವಳ ದನಿ ನೀರ ಮೇಲೆ ಬಂತು.

"ಅಣ್ಣಾ, ಫೋನ್ ಏನ್ ನೋಡ್ತಿ, ನನ್ನ ನೋಡು."

ಯಾಸ್ಮಿನ, ಆ ಮಾತು ನನ್ನ ಎದೆಯೊಳಗೆ ಮುರಿದ ಮುಳ್ಳಿನ ಹಾಗೆ ಕೂತಿದೆ.

ಊರು ಕೂಡಿತು. ಸಿಂದಗಿಗೆ ಫೋನ್ ಹೋಯಿತು, ದೋಣಿ ಬರುತ್ತದೆ, ಬೇರೆ ಊರಿನಲ್ಲಿದೆ, ತಡವಾಗುತ್ತದೆ ಎಂದರು. ಅಮೋಘಸಿದ್ಧ ಟ್ರ್ಯಾಕ್ಟರಿನ ಎರಡು ಟ್ಯೂಬು ತಂದು ಮಲಗುವ ಹಗ್ಗದ ಬಾಜಿನ ಕೆಳಗೆ ಕಟ್ಟಿದ್ದ, ಇಳಿಯುತ್ತೇನೆ ಎಂದ. ಹಿರಿಯರು ತಡೆದರು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಸೆಳೆತ ಬಾಳ ಇದೆ, ನೀರು ಏರುವುದು ನಿಂತಿದೆ ನೋಡು, ದೋಣಿಗೆ ಕಾಯೋಣ ಎಂದರು. ನಿಂತಿತ್ತು, ಅದು ಖರೆ. ದಂಡೆಗೆ ಊರಿದ ಕಟ್ಟಿಗೆಯ ಗುರುತಿನಲ್ಲಿ ಬೆರಳಷ್ಟೂ ಏರಿರಲಿಲ್ಲ. ನಾನೂ ತಲೆ ಆಡಿಸಿದೆ. ಕಾಯೋಣ ಎಂದು ನಾನೂ ಅಂದೆ.

ಆಗ ಫೋನು ಗುಂಯ್‌ಗುಟ್ಟಿತು. "ರಾವಸಾಬ ಅವರೇ, ಇಂದು ಕತ್ತಲಾಗುವ ಮೊದಲು ದಿಬ್ಬದವರೆಗೆ ನೀರು ಬರಲಿದೆ. ಜನ, ದನ, ಮೋಟಾರು ಮೇಲೆ ಸಾಗಿಸಿ."

ನಾನು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸುಗ್ರಾಳ ಹೆಸರಿಲ್ಲ. ಗಡ್ಡೆ ಎಂಬ ಮಾತಿಲ್ಲ. ಫೋನು ಜಾರಿ ಕೆಸರಿಗೆ ಬಿತ್ತು. ಆದರೆ ದಿಬ್ಬ ಎಂಬುದನ್ನು ಓದಿದ್ದೆ. ದಿಬ್ಬಕ್ಕೆ ನೀರು ಬಂದರೆ ಆ ಜಾಲಿಯ ತುದಿಯೂ ಉಳಿಯುವುದಿಲ್ಲ. ನಿಂತ ಹಾಗೆ ಕಾಣುವ ನೀರು ನಿಂತಿಲ್ಲ, ಅದರ ಹಿಂದೆ ಇನ್ನೊಂದು ಬರುತ್ತಿದೆ. ನಾನು ರಾವಸಾಬನ ಕೊರಳಪಟ್ಟಿ ಹಿಡಿದು ಕೂಗಿದೆ, ಹಿರಿಯರನ್ನೆಲ್ಲ ಕೆಟ್ಟ ಮಾತಿನಿಂದ ಬೈದೆ, ಕಾಯುವುದು ಬೇಡ, ಈಗಲೇ, ಈಗಲೇ ಎಂದೆ. ಅಮೋಘಸಿದ್ಧ ಮೇಲಿನ ತಿರುವಿನಿಂದ ಇಳಿದ. ಹಗ್ಗದ ಒಂದು ತುದಿ ಬೇವಿನ ಗಿಡಕ್ಕೆ, ಇನ್ನೊಂದು ಬಾಜಿಗೆ, ನಡುವಿನದು ನಮ್ಮೆಲ್ಲರ ಕೈಯಲ್ಲಿ. ಹಗ್ಗ ಹಿಡಿದವರಲ್ಲಿ ರಾವಸಾಬನೇ ಮುಂದೆ ಇದ್ದ. ಸೆಳೆತ ಬಾಜನ್ನು ಗಿಡದ ತನಕ ಒಯ್ದಿತು. ಸುಗ್ರಾ ಸೆರಗಿನ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಹರಿದಳು. ಅವಳನ್ನು ದಂಡೆಗೆ ಎಳೆದು ತಂದಾಗ ಮೈಯೆಲ್ಲ ಮುಳ್ಳು, ಬಾಯಲ್ಲಿ ಬಟ್ಟೆಯ ಎಳೆ.

ದೋಣಿ ಬಂದಾಗ ಇನ್ನೂ ಬೆಳಕಿತ್ತು. ಬಂದವರು ಯಾವ ಗಿಡ ಎಂದು ಕೇಳಿದರು. ತೋರಿಸಲು ಗಿಡ ಇರಲಿಲ್ಲ.

ತಿಳಿಯಿತೇ? ಮುಂಜಾನೆ ಬರಬೇಕಾದ ಸುದ್ದಿ ಬಾರದೆ ಅವಳು ಸಾಯುವವಳಿದ್ದಳು. ಮಧ್ಯಾಹ್ನ ಬಂದ ಸುದ್ದಿ ಬಾರದಿದ್ದರೆ ಸತ್ತೇ ಹೋಗುತ್ತಿದ್ದಳು. ಎರಡೂ ನಿನ್ನ ಪುಟದ್ದೇ. ಮೊದಲನೆಯದನ್ನಷ್ಟೇ ಹೊತ್ತುಕೊಂಡು ಗೋಡೆಗೆ ಮಾರಿ ಮಾಡಿ ಮಲಗಿದ್ದೀಯಲ್ಲ, ಎರಡನೆಯದನ್ನು ಯಾರಿಗೆ ಬಿಟ್ಟೆ?

ಹೇಳಬೇಕಿತ್ತು ನಾನು, ಆವತ್ತೇ. ನೀನು ಸಂಜೆಯ ಬಸ್ಸಿಗೆ ಓಡಿ ಬಂದೆ. ನೀರು ಮುಟ್ಟದ ಸಾಲಿಯಲ್ಲಿ ಕಂಬಳಿ ಹೊದ್ದು ಕೂತ ಸುಗ್ರಾಳನ್ನು ನೋಡಿದೆ, ಗಿರಣಿಯಿಂದ ಸಾಗಿಸಿ ತಂದ ಚೀಲದ ಮೇಲೆ ಕಂಪ್ಯೂಟರ್ ತೆರೆದೆ. ಬಾಳ ಹೊತ್ತು ಹುಡುಕಲಿಲ್ಲ. ನಿನ್ನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. "ಮುತ್ಯಾ, ನಂಬರ ಒಂದ ಇದ್ರ ಮನಷ್ಯಾನೂ ಒಬ್ಬನ ಅಂತ ನಾ ತಿಳದಿದ್ದೆ" ಎಂದೆ. ಅಷ್ಟೇ ಎಂದೆ. ಆಮೇಲೆ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ನೀನೂ. ಶಹಾಬುದ್ದೀನ ಈಗ ಕೂಗುತ್ತಾನೆ, ಸಾಲಿಯ ತಗಡು ಹಾರುತ್ತದೆ ಎಂದು. ನನಗೆ ದನಿ ಏಳಲಿಲ್ಲ. ಹಗ್ಗ ಎಳೆಯುವಾಗ ಕೂಗಿ ಕೂಗಿ ಗಂಟಲು ಕಟ್ಟಿತ್ತು, ನಾಲಿಗೆ ಒಣಗಿತ್ತು, ನನ್ನ ಹಲ್ಲು ನನ್ನ ಮಾತು ಕೇಳುತ್ತಿರಲಿಲ್ಲ. ಅದನ್ನು ನೀನು ಬೇರೆ ಏನೋ ಎಂದುಕೊಂಡೆ. ಮುತ್ಯಾ ಬೈಯುವಷ್ಟೂ ನನ್ನನ್ನು ತನ್ನವಳೆಂದು ಎಣಿಸಲಿಲ್ಲ ಎಂದುಕೊಂಡೆ. ಮರುದಿನ ಮೊದಲ ಬಸ್ಸಿಗೆ ಹೋದೆ, ಪುಟ ಮುಚ್ಚಿದೆ, ಫೋನು ಎತ್ತುವುದು ಬಿಟ್ಟೆ. ನಿನ್ನ ಪುಟ ಸುಮ್ಮನಿದ್ದಾಗ ನಾನು ತಪ್ಪು ತಿಳಿದ ಹಾಗೆ, ನಾ ಸುಮ್ಮನಿದ್ದಾಗ ನೀನು ತಪ್ಪು ತಿಳಿದೆ.

ಈಗ ಬೈಯುತ್ತೇನೆ, ಸಮಾಧಾನ ಮಾಡಿಕೋ. ಕತ್ತೆ. ಹೇಡಿ. ಹೊಳೆ ದಂಡೆಯಲ್ಲಿ ಹುಟ್ಟಿ ಸಿಂದಗಿಯ ಗೋಡೆಗೆ ಹೆದರಿ ಮಲಗಿದವಳು. ಉಂಡ ತಾಟು ಅವ್ವನಿಗೆ ತೊಳೆಯಲು ಬಿಟ್ಟು ದುಃಖ ಮಾಡುವವಳು. ಸಾಕೇ?

ನಿನ್ನೆ ಮುದ್ದೇಬಿಹಾಳದ ಕಡೆಯಿಂದ ಇಬ್ಬರು ಬಂದಿದ್ದರು, ಕೃಷ್ಣಾ ದಂಡೆಯವರು. ಅವರ ಊರಿಗೂ ಇಂಥದ್ದೊಂದು ಬೇಕಂತೆ, ನಿನ್ನನ್ನು ಹುಡುಕಿಕೊಂಡು ಗಿರಣಿಯ ತನಕ ಬಂದಿದ್ದರು. ಹುಡುಗಿಗೆ ಜ್ವರ ಎಂದು ಸುಳ್ಳು ಹೇಳಿ ಚಹಾ ಕುಡಿಸಿದೆ. ಆಗ ಅವರಲ್ಲೊಬ್ಬ, "ಇರ್ಲಿ ಬಿಡ್ರಿ ಯಜಮಾನ್ರ, ಬಸವನ ಬಾಗೇವಾಡಿಯಾಗ ಒಬ್ಬ ಹುಡುಗ ಅದಾನ, ಎರಡ ದಿನದಾಗ ಮಾಡಿ ಕೊಡ್ತೇನಿ, ಇದರಾಗ ಏನೈತಿ ಅಂದಾನ" ಎಂದ. ಇದರಾಗ ಏನೈತಿ. ಆ ಹುಡುಗ ಒಳ್ಳೆಯವನೇ ಇರಬಹುದು, ಜಾಣನೂ ಇರಬಹುದು. ಆದರೆ ಅವನಿಗೆ ಹೆದರಿಕೆ ಇಲ್ಲ. ಆ ಊರಲ್ಲೂ ಒಂದು ಗಿರಣಿ ಇರುತ್ತದೆ, ಇಲ್ಲವೇ ಒಂದು ಕಿರಾಣಿ ಅಂಗಡಿ, ಅದರ ಗೋಡೆಯ ಮೇಲೊಂದು ನಂಬರು. ಒಬ್ಬಳು ಸುಗ್ರಾ ಇರುತ್ತಾಳೆ. ಅವನಿಗೆ ಅದು ಗೊತ್ತಿಲ್ಲ. ನಿನಗೆ ಗೊತ್ತು. ಅದನ್ನು ಮರೆಯಲು ನೀನು ಮಲಗಿದ್ದೀ, ನಿನಗೆ ಮರೆಯುವುದು ಆಗುವುದಿಲ್ಲ. ಹಾಗಿದ್ದರೆ ಎದ್ದು ಕೂತೇ ನೆನಪಿಟ್ಟುಕೋ. ಹೊಳೆಯ ಸುದ್ದಿ ಹೆದರಿಕೆ ಇದ್ದವರ ಕೈಯಲ್ಲೇ ಇರಬೇಕು. ನೀನು ಹೆದರಬೇಡ ಎಂದು ನಾನು ಹೇಳುವುದಿಲ್ಲ. ಹೆದರು. ಹೆದರಿಕೊಂಡೇ ಮಾಡು.

ಹೇಗೆ ಮಾಡಬೇಕೆಂದು ನಾನೇನು ಹೇಳಲಿ, ನಿನ್ನ ಹಂದರ, ನಿನ್ನ ಬಳ್ಳಿ. ಆದರೆ ಎರಡು ಮಾತು ಬೇಡಿಕೊಳ್ಳುತ್ತೇನೆ. ಗೋದೂಬಾಯಿ ಗೊತ್ತಲ್ಲ, ದೊಡ್ಡ ವಾಡೆಯವರು, ಏಕಾದಶಿಯ ಉಪವಾಸದ ಹಿಟ್ಟಿಗೆ ರಾಜಗಿರಿ ತರುವವರು. ಜೋಳ ಬೀಳುವ ಮೊದಲೇ, ಕಲ್ಲು ಒರೆಸಿದ ಮೇಲೆ, ಬೆಳಗಿನ ಮೊದಲ ಸರದಿ ಅವರದು. ಹಿಟ್ಟು ಕೊಟ್ಟಾಗ ಅವರು ಮುಚ್ಚಳ ತೆಗೆದು ಕೈಹಾಕಿ ನೋಡದೆ ಒಯ್ಯುವುದಿಲ್ಲ. ಮುಂಚೆ ನನಗೆ ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ನಿನ್ನ ಪುಟವೂ ಹಸಿರು ಗುರುತು ತೋರಿಸಿ ಸೇರಿದೆ ಎಂದಷ್ಟೇ ಹೇಳಿ ಕಳಿಸದಿರಲಿ. ಒಳಗೆ ಏನು ಉಳಿದಿದೆಯೋ ಅದನ್ನು ಮುಚ್ಚಳ ತೆಗೆದು ತೋರಿಸಲಿ. ಈ ನಂಬರಿನ ಮೇಲೆ ಇಂಥಿಂಥವರು ಇದ್ದಾರೆ, ಸುಗ್ರಾ ಗಡ್ಡೆಯಲ್ಲಿ, ರಾವಸಾಬ ದಿಬ್ಬದಲ್ಲಿ ಎಂದು ಹೇಳಲಿ. ಆವತ್ತು ಹಾಗೆ ತೋರಿಸಿದ್ದರೆ ಸೌಂದರ್ಯಾ ಎರಡನೆಯ ಹೆಸರಿಗೇ ಬಾಯಿ ಬಡಿದುಕೊಳ್ಳುತ್ತಿದ್ದಳು.

ಇನ್ನೊಂದು. ನೀರು ಬಾರದ ದಿನವೂ ಒಂದು ಸುದ್ದಿ ಕಳಿಸು. ಇವತ್ತು ನೀರಿಲ್ಲ ಎಂದು. ಜನ ಬೇಸರ ಮಾಡಿಕೊಳ್ಳುತ್ತಾರೆ ಎನ್ನುತ್ತೀ, ಗೊತ್ತು. ಎಲ್ಲರಿಗೂ ಬೇಡ. ನನಗೊಬ್ಬನಿಗೆ ಕಳಿಸು. ಏನೂ ಇಲ್ಲದ ಫೋನನ್ನು ನೋಡುವ ಶಕ್ತಿ ನನಗಿಲ್ಲ. ಅದು ನೀರಿಲ್ಲವೆಂದು ಸುಮ್ಮನಿದೆಯೋ, ಸತ್ತು ಸುಮ್ಮನಿದೆಯೋ, ನನ್ನ ಹೆಸರು ಅಳಿಸಿ ಸುಮ್ಮನಿದೆಯೋ ಎಂದು ತಿಳಿಯದೆ ಗಿರಣಿ ನಿಲ್ಲಿಸಿಕೊಂಡು ಕೂಡುತ್ತೇನೆ. ನಿನ್ನ ಫೋನಿಗೂ ಅಷ್ಟೇ. ಗಂಟೆ ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತದೆ. ಹುಡುಗಿ ಸಿಟ್ಟಾಗಿದ್ದಾಳೋ, ಮಲಗಿದ್ದಾಳೋ, ಏನಾದರೂ ಮಾಡಿಕೊಂಡಳೋ ಎಂದು. ಈ ಕೊನೆಯ ಮಾತನ್ನು ಬರೆಯಬಾರದೆಂದಿದ್ದೆ. ಬರೆದೆ. ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ.

ಸುಗ್ರಾ ಪಕ್ಕದಲ್ಲೇ ಕೂತು, ಹೋತದ ಕೊರಳಿಗೆ ಹಗ್ಗ ಹೊಸೆಯುತ್ತಿದ್ದಾಳೆ. ಏನು ಬರೆಯಲಿ ನಿನ್ನ ಕಡೆಯಿಂದ ಎಂದು ಕೇಳಿದೆ. "ಆ ಪೋರಿಗಿ ಹೇಳು, ನಾ ಸೋಮವಾರ ಹೋಗಾಕೇನ ಹೆದರೂದಿಲ್ಲ ಅಂತ ತಿಳಕೋಬ್ಯಾಡ. ಅಕಿ ಫೋನಿಗಿ ಹೇಳಿ ಕಳಸಿದ್ರ ಹೋಗ್ತೇನಿ. ಇಲ್ಲಂದ್ರೂ ಹೋಗ್ಬೇಕು, ಆಡ ಹಸದಾವ" ಎಂದಳು. ಹೇಳಿದ ಹಾಗೇ ಬರೆದಿದ್ದೇನೆ.

ಬರುವ ಸೋಮವಾರದೊಳಗೆ ಎಲ್ಲ ಸರಿ ಮಾಡು ಎನ್ನುವುದಿಲ್ಲ. ಆದೀತೋ ಇಲ್ಲವೋ ನನಗೆ ತಿಳಿಯದು. ಈ ಕಾಗದ ನಾಳೆ ಮುಂಜಾನೆ ಆಲಮೇಲದಿಂದ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ನಿನ್ನ ಅವ್ವನಿಗೆ ಸೇರುತ್ತದೆ. ನಾಳೆ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನಾನು ಬೇವಿನ ಗಿಡದ ಕೆಳಗೆ, ನೆಟ್‌ವರ್ಕು ಬರುವ ಆ ಕಲ್ಲಿನ ಮೇಲೆ ಕೂಡುತ್ತೇನೆ. ಗಿರಣಿ ನಿಂತಿರುತ್ತದೆ. ಪುಟದಿಂದ ಬೇಡ, ನಿನ್ನ ಕೈಯಿಂದಲೇ ಒಂದು ಸುದ್ದಿ ಕಳಿಸು. ಇದ್ದೇನೆ ಎಂಬ ಒಂದೇ ಮಾತು ಸಾಕು: ಅದೀನಿ. ಅದನ್ನು ಓದಿ ಎದ್ದು ಹೋಗಿ ಗಿರಣಿ ಹಚ್ಚುತ್ತೇನೆ, ಹೆಂಗಸರ ಬೈಗಳು ನಿಲ್ಲುತ್ತವೆ.

ನಿನ್ನ ಕೈಗೆ ಅಲ್ಲಾಹ ಬರ್ಕತ್ ಕೊಡಲಿ, ಎದೆಗೆ ಹೆದರಿಕೆಯಷ್ಟೇ ಬಲವನ್ನೂ ಕೊಡಲಿ. ಹೊಟ್ಟೆ ತುಂಬ ಉಣ್ಣು.

ಕಿಸೆಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿರುವ,
ನಿನ್ನ ಮುತ್ಯಾ
ಶಹಾಬುದ್ದೀನ